ಮಗಳು ಗೂಡ್ಸ್ ಎಂಜಿನ್ ಹತ್ತಿದ್ದಾಳೆ, ನೀರು ಕುಡಿಯೋದು ಬಿಟ್ಟಿದ್ದಾಳೆ

ಪ್ರಶ್ನೆ: ನಾವು ಕೊಪ್ಪಳದ ಹತ್ತಿರ ಗಿಣಿಗೇರಾದವರು. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮಗಳಿಗೆ 25 ವರ್ಷ. ಡಿಪ್ಲೊಮಾ ಓದಿ, ರೈಲ್ವೆ ಪರೀಕ್ಷೆ ಪಾಸಾಗಿ, ಅಸಿಸ್ಟೆಂಟ್ ಲೋಕೋ ಪೈಲಟ್, ಅಂದರೆ ಎಂಜಿನ್ ಚಾಲಕರ ಸಹಾಯಕಿ ಆಗಿದ್ದಾಳೆ. ಗೂಡ್ಸ್ ಗಾಡಿಯ ಡೀಸೆಲ್ ಎಂಜಿನ್‌ನಲ್ಲಿ ಏಳು ತಿಂಗಳಿಂದ ಡ್ಯೂಟಿ. ಮೊನ್ನೆ ಮನೆಗೆ ಬಂದಾಗ ಮುಖ ಬಾಡಿತ್ತು. ಎಂಜಿನ್‌ನಲ್ಲಿ ಶೌಚಾಲಯ ಇಲ್ಲವಂತೆ. ಅದಕ್ಕೆ ಡ್ಯೂಟಿಗೆ ಮೂರು ತಾಸು ಮೊದಲೇ ನೀರು ಕುಡಿಯೋದು ನಿಲ್ಲಿಸುತ್ತಾಳಂತೆ. ಎರಡು ಸಲ ಉರಿಮೂತ್ರ ಆಗಿದೆ. ಟಿವಿ ಸೌಂಡ್ ಜಾಸ್ತಿ ಇಡುತ್ತಾಳೆ. ಹಗಲಲ್ಲಿ ಮಲಗಿದರೂ ನಿದ್ದೆ ಬರುವುದಿಲ್ಲ. ಎಂಜಿನ್ ಕುಲುಕಾಟಕ್ಕೆ ಗರ್ಭಕೋಶ ಜಾರುತ್ತದೆ, ಕಾವಿಗೆ ಮಕ್ಕಳಾಗುವುದಿಲ್ಲ ಅಂತ ಓಣಿಯವರು ಹೇಳುತ್ತಾರೆ. ತೋರಣಗಲ್ಲು ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಕೊಡಿಸುತ್ತೇನೆ ಅಂತ ನನ್ನ ತಮ್ಮ ಹೇಳುತ್ತಿದ್ದಾನೆ. ಈ ಕೆಲಸ ಬಿಡಿಸಲೇ?

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೆಚ್ಚು ಹೆದರಿರುವುದು ಗರ್ಭಕೋಶದ ಮಾತಿಗೆ. ನನಗೆ ಹೆದರಿಕೆ ಆಗಿದ್ದು ಮಾತ್ರ ನೀರಿನ ಮಾತು ಓದಿದಾಗ. ಅವಳು ಕುಡಿಯದ ನೀರು, ಮಲಗದ ನಿದ್ದೆ, ಈ ಎರಡನ್ನು ಮೊದಲು ಸರಿ ಮಾಡಬೇಕು. ಕೆಲಸ ಬಿಡುವ ಮಾತು ಆಮೇಲೆ.

ನಾನು ಡಾಕ್ಟರ್ ಅಲ್ಲ. ಗುಂತಕಲ್, ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಲೈನಿನಲ್ಲಿ ಮೊದಲು ಅಸಿಸ್ಟೆಂಟ್ ಆಗಿದ್ದೆ, ಆಮೇಲೆ ಗೂಡ್ಸ್ ಓಡಿಸಿದೆ, ಕೊನೆಯ ಹನ್ನೆರಡು ವರ್ಷ ಲೋಕೋ ಇನ್‌ಸ್ಪೆಕ್ಟರ್ ಆಗಿ ಎಂಜಿನ್ ಹತ್ತಿ ಹುಡುಗರ, ಹುಡುಗಿಯರ ಕೆಲಸ ನೋಡಿದೆ. ದೇಹದ ಬಗ್ಗೆ ಹೇಳುವುದೆಲ್ಲ ಆ ವರ್ಷಗಳಲ್ಲಿ ರೈಲ್ವೆ ಡಾಕ್ಟರ್‌ಗಳಿಂದ ಕಲಿತದ್ದು.

ಓಣಿಯ ಮಾತು ಮೊದಲು ಮುಗಿಸೋಣ. ಗರ್ಭಕೋಶ ಜಾರುವುದಕ್ಕೆ ಮುಖ್ಯ ಕಾರಣ ಹೆರಿಗೆಗಳು, ವಯಸ್ಸು, ವರ್ಷಗಟ್ಟಲೆ ಭಾರ ಎತ್ತುವುದು, ವಾಸಿಯಾಗದ ಕೆಮ್ಮು, ಮಲಬದ್ಧತೆ. ಎಂಜಿನ್‌ನಲ್ಲಿ ಕೂತರೆ ಜಾರುತ್ತದೆ ಅನ್ನುವುದು ಸುಳ್ಳು. ಕುಲುಕಾಟ ಕೆಡಿಸುವುದು ಬೆನ್ನು ಮತ್ತು ಸೊಂಟವನ್ನು, ಅದೂ ಗಂಡು ಹೆಣ್ಣು ಅನ್ನದೆ. ಇನ್ನು ಕಾವಿನ ಮಾತು. ಇದರಲ್ಲಿ ಸ್ವಲ್ಪ ಸತ್ಯ ಇದೆ, ಆದರೆ ಅದು ಗಂಡಸರಿಗೆ. ತುಂಬಾ ಹೊತ್ತು ಬಿಸಿಯಲ್ಲಿ ಕೂತರೆ ವೀರ್ಯಾಣು ಕಡಿಮೆಯಾಗಬಹುದು. ಸಾಮಾನ್ಯವಾಗಿ ಬಿಸಿ ತಪ್ಪಿದ ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಹೆಣ್ಣಿನ ಅಂಡಾಶಯ ಹೊಟ್ಟೆಯೊಳಗೆ ಇರುತ್ತದೆ, ಹೊರಗಿನ ಕಾವು ಅದನ್ನು ಹಾಗೆ ಮುಟ್ಟುವುದಿಲ್ಲ. ರಾತ್ರಿ ಡ್ಯೂಟಿ, ನಿದ್ದೆಗೇಡಿನಿಂದ ಮುಟ್ಟು ಹಿಂದೆ ಮುಂದೆ ಆಗಬಹುದು, ಅದು ನಿಜ. ಹಾಗಾದರೆ ಸ್ತ್ರೀರೋಗ ಡಾಕ್ಟರಿಗೆ ತೋರಿಸಿ, ಓಣಿಯವರಿಗಲ್ಲ.

ಮುಂದೆ ಮದುವೆಯಾಗಿ ಗರ್ಭಿಣಿಯಾದಾಗ ಮಾತ್ರ ಲೆಕ್ಕ ಬೇರೆ. ಆ ಕುಲುಕಾಟ, ಏಣಿ ಹತ್ತಿ ಇಳಿಯುವುದು, ಜಲ್ಲಿಯ ಮೇಲೆ ನಡೆಯುವುದು ಆಗ ಬೇಡ. ಗೊತ್ತಾದ ದಿನವೇ ಡಾಕ್ಟರ್ ಚೀಟಿ ಜೊತೆ ಕೂತು ಮಾಡುವ ಕೆಲಸ ಕೊಡಿ ಅಂತ ಬರೆದು ಕೇಳಬೇಕು. ಹೆರಿಗೆ ರಜೆ 180 ದಿನ ಇದೆ.

ಈಗ ನೀರಿನ ವಿಷಯ. ಎಂಜಿನ್‌ನಲ್ಲಿ ಶೌಚಾಲಯ ಯಾಕಿಲ್ಲ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಅವಳು ತನ್ನದೇ ಏನೋ ಕೊರತೆ ಅಂದುಕೊಂಡಿರಬಹುದು. ನಮ್ಮ ಹಳೇ ಡೀಸೆಲ್ ಎಂಜಿನ್ ಅಮೆರಿಕದ ಆಲ್ಕೋ ಕಂಪನಿಯ ನಕ್ಷೆಯದು. ಡಬ್ಲ್ಯುಡಿಎಂ-2 ಅನ್ನುವ ಆ ಮಾದರಿ 1962ರಲ್ಲಿ ಬಂತು. 1964ರಿಂದ ವಾರಾಣಸಿಯಲ್ಲೇ ಕಟ್ಟಿದರು. ಮೂತಿ, ಚಾಲಕರು ಕೂರುವ ಕ್ಯಾಬ್, ಹಿಂದೆ ಉದ್ದನೆಯ ಎಂಜಿನ್ ಮನೆ, ಹೀಗೆ ಅದರ ಆಕಾರ. ಇಂಥ ಆಕಾರದ ಎಂಜಿನ್‌ಗಳಿಗೆ ಅಮೆರಿಕದಲ್ಲಿ ಮುಂದಿನ ಮೂತಿಯಲ್ಲೇ ಚಿಕ್ಕ ಶೌಚಾಲಯ ಇಡುತ್ತಿದ್ದರು. ನಮ್ಮಲ್ಲಿ ಆ ಜಾಗ ಉಪಕರಣಗಳ ಪಾಲಾಯಿತು. ಒಳಗೆ ಗಂಡಸರೇ ಇರುತ್ತಾರೆ, ಗಾಡಿ ಎಲ್ಲಾದರೂ ನಿಲ್ಲುತ್ತದೆ, ಇಳಿದು ಹೋಗಿ ಬರುತ್ತಾರೆ ಅನ್ನುವುದು ಅಂದಿನ ಲೆಕ್ಕ. ಹೆಣ್ಣುಮಕ್ಕಳು ಎಂಜಿನ್ ಹತ್ತಿದ ಮೇಲೂ ಆ ಲೆಕ್ಕ ಬದಲಾಗಲು ವರ್ಷಗಳೇ ಬೇಕಾದವು. 2016ರಲ್ಲಿ ಒಂದು ವಿದ್ಯುತ್ ಎಂಜಿನ್‌ಗೆ ಬಯೋ ಟಾಯ್ಲೆಟ್ ಇಟ್ಟರು. ಗಾಡಿ ಪೂರ್ತಿ ನಿಂತು, ಬ್ರೇಕ್ ಬಿದ್ದಿದ್ದರೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಒಳ್ಳೆಯ ಉಪಾಯ. ಆದರೆ ಓಡುತ್ತಿರುವ ಹಳೇ ಡೀಸೆಲ್‌ಗಳಲ್ಲಿ ಇವತ್ತಿಗೂ ಹೆಚ್ಚಿನವಕ್ಕೆ ಇಲ್ಲ. ಎಂಜಿನ್ ಸಿಬ್ಬಂದಿಗೆ ಊಟಕ್ಕೆ, ಶೌಚಕ್ಕೆ ಇಂತಿಷ್ಟು ಹೊತ್ತು ಅಂತ ನಿಯಮ ಮಾಡುವುದು ಆಗದ ಮಾತು ಅಂತ 2025ರಲ್ಲಿ ರೈಲ್ವೆ ಮಂಡಳಿ ಹೇಳಿತು. ಆ ಮಾತನ್ನು ನಾನು ಒಪ್ಪುವುದಿಲ್ಲ. ಗೂಡ್ಸ್ ಗಾಡಿ ಲೂಪ್‌ನಲ್ಲಿ, ಅಂದರೆ ಬೇರೆ ಗಾಡಿಗೆ ದಾರಿ ಬಿಡುವ ಪಕ್ಕದ ಹಳಿಯಲ್ಲಿ, ತಾಸುಗಟ್ಟಲೆ ನಿಂತಿರುತ್ತದೆ. ಹೊತ್ತು ಇಲ್ಲ ಅನ್ನುವುದಲ್ಲ, ಜಾಗ ಇಲ್ಲ ಅನ್ನುವುದು ಅಲ್ಲಿನ ಕಷ್ಟ.

ಜಾಗದ ಕಷ್ಟ ಹೇಗಿರುತ್ತದೆ ಅಂದರೆ, ಕಲ್ಲಿದ್ದಲಿನ ಒಂದು ಗಾಡಿಗೆ 58 ವ್ಯಾಗನ್. ಗಾಡಿಯ ಉದ್ದ ಮುಕ್ಕಾಲು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ಅದನ್ನು ಲೂಪ್‌ಗೆ ಹಾಕಿದಾಗ ಎಂಜಿನ್ ಆ ತುದಿಯ ಸಿಗ್ನಲ್ ಹತ್ತಿರ ನಿಲ್ಲುತ್ತದೆ. ಸ್ಟೇಷನ್ ಕಟ್ಟಡ ಎಲ್ಲೋ ಹಿಂದೆ ಉಳಿಯುತ್ತದೆ. ಗಂಡಸು ಜಾಲಿಗಿಡದ ಮರೆಗೆ ಹೋಗಿ ಬರುತ್ತಾನೆ. ಹುಡುಗಿ ಎಲ್ಲಿಗೆ ಹೋಗಬೇಕು? ಅದಕ್ಕೇ ನಿಮ್ಮ ಮಗಳು ನೀರು ಬಿಟ್ಟಿದ್ದಾಳೆ. ಅವಳೊಬ್ಬಳೇ ಅಲ್ಲ, ನಾನು ಕಂಡ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಹೀಗೇ ಮಾಡುತ್ತಿದ್ದರು. ಒಬ್ಬಳಂತೂ ಏಪ್ರಿಲ್ ತಿಂಗಳ ಮಧ್ಯಾಹ್ನ ಕ್ಯಾಬ್‌ನಲ್ಲೇ ಕಣ್ಣು ಕತ್ತಲೆ ಬಂದು ಕುಸಿದಳು. ಚೀಲದಲ್ಲಿ ನೀರಿನ ಬಾಟಲಿ ತುಂಬಿಯೇ ಇತ್ತು. ಆ ಬಾಟಲಿ ನನಗೆ ಇವತ್ತಿಗೂ ನೆನಪಾಗುತ್ತದೆ.

ನೀರು ಬಿಟ್ಟರೆ ಏನಾಗುತ್ತದೆ? ನಮ್ಮ ಬಳ್ಳಾರಿ, ರಾಯಚೂರು ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಕ್ಯಾಬ್‌ನ ಹಿಂದೆ ಎಂಜಿನ್, ಮೇಲೆ ಕಾದ ತಗಡು. ಬೆವರು ಹರಿಯುತ್ತಲೇ ಇರುತ್ತದೆ. ಒಳಗೆ ಉಳಿದ ಮೂತ್ರ ಗಟ್ಟಿಯಾಗುತ್ತದೆ, ಕಲ್ಲು ಕಟ್ಟುತ್ತದೆ. ತಡೆದಿಟ್ಟ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡ ಇರುವುದರಿಂದ ಸೋಂಕು ಬೇಗ ಮೇಲೇರುತ್ತದೆ. ಎರಡು ಸಲ ಉರಿಮೂತ್ರ ಆಗಿದೆ ಅಂದರೆ ಸುಮ್ನೆ ಬಿಡುವ ಮಾತೇ ಇಲ್ಲ. ಮೂತ್ರ ಪರೀಕ್ಷೆ, ಕಲ್ಚರ್ ಮಾಡಿಸಿ. ಔಷಧ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದು ಬೇಡ. ಚಳಿಜ್ವರ, ಪಕ್ಕೆ ನೋವು, ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆ.

ಇನ್ನೊಂದು ಮಾತು. ಎಂಜಿನ್ ಹತ್ತುವವರಿಗೆ ಎ-1 ಅನ್ನುವ ಕಠಿಣ ಮೆಡಿಕಲ್ ಇರುತ್ತದೆ. ಅದು ಕೈತಪ್ಪಿದರೆ ಕೆಲಸವೇ ಹೋಯಿತು ಅನ್ನುವ ಹೆದರಿಕೆಗೆ ಹುಡುಗರು ಕಾಯಿಲೆ ಮುಚ್ಚಿಡುತ್ತಾರೆ. ಉರಿಮೂತ್ರಕ್ಕೆ ಯಾರೂ ಕೆಟಗರಿ ಕಳೆಯುವುದಿಲ್ಲ. ಸಿಕ್ ಮೆಮೊ, ಅಂದರೆ ಕಾಯಿಲೆ ಚೀಟಿ, ತೆಗೆದುಕೊಂಡು ರೈಲ್ವೆ ಆಸ್ಪತ್ರೆಗೇ ಹೋಗಲಿ. ವಾಸಿಯಾದ ಮೇಲೆ ಫಿಟ್ ಕೊಡುತ್ತಾರೆ. ನಾಳೆ ತೊಂದರೆ ದೊಡ್ಡದಾದರೆ ಆ ದಾಖಲೆಯೇ ಅವಳ ಕೈ ಹಿಡಿಯುತ್ತದೆ. ಖಾಸಗಿ ಡಾಕ್ಟರಿಗೆ ಗುಟ್ಟಾಗಿ ತೋರಿಸಿದರೆ ಆ ದಾಖಲೆ ಇರುವುದಿಲ್ಲ.

ಹಾಗಾದರೆ ನೀರು ಕುಡಿದು ಎಲ್ಲಿಗೆ ಹೋಗಬೇಕು ಅಂತ ಕೇಳುತ್ತೀರಿ, ಅಲ್ವಾ? ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ. ನಡೆಯುವ ದಾರಿ ಹೇಳುತ್ತೇನೆ. ಡ್ಯೂಟಿ ಹತ್ತುವಾಗಲೇ ಲೋಕೋ ಪೈಲಟ್‌ಗೆ ನೇರವಾಗಿ ಹೇಳಬೇಕು: ಸರ್, ಗಾಡಿ ನಿಂತಾಗ ನಾನು ಸ್ಟೇಷನ್‌ಗೆ ಹೋಗಿ ಬರಬೇಕಾಗುತ್ತದೆ. ನಾಚಿಕೆ ಪಡುವ ಮಾತಲ್ಲ. ಎಂಜಿನ್ ಬಿಟ್ಟು ಇಬ್ಬರೂ ಇಳಿಯುವಂತಿಲ್ಲ. ಅವರು ಕೂತಿದ್ದರೆ ಇವಳು ಇಳಿಯಬಹುದು. ವಾಕಿಟಾಕಿಯಲ್ಲಿ ಸ್ಟೇಷನ್ ಮಾಸ್ಟರ್‌ಗೆ ಹೇಳಿದರೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ತಿಳಿಸುತ್ತಾರೆ. ದೂರ ನಿಲ್ಲುವ ಸ್ಟೇಷನ್‌ಗಳಿಗಿಂತ ಮುಂಚೆಯೇ, ಕಟ್ಟಡದ ಹತ್ತಿರ ನಿಂತ ಕಡೆಯಲ್ಲೇ ಹೋಗಿ ಬರುವ ರೂಢಿ ಮಾಡಿಕೊಳ್ಳಲಿ, ಒತ್ತಡ ಇಲ್ಲದಿದ್ದರೂ ಸರಿ. ರಾತ್ರಿ ಮಾತ್ರ ಎಚ್ಚರ. ಟಾರ್ಚ್ ಬೇಕು, ಮುಂದಿನ ಲೈನ್ ದಾಟಬಾರದು, ನಿಂತ ವ್ಯಾಗನ್ ಕೆಳಗೆ ನುಸುಳಲೇಬಾರದು. ಅವಸರಕ್ಕೆ ಹಾಗೆ ನುಸುಳಿ ಕಾಲು ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ದೊಡ್ಡವರ ಡಯಾಪರ್ ಕಟ್ಟಿಕೊಂಡು ಹೋಗುವ ಹುಡುಗಿಯರೂ ಇದ್ದಾರೆ. ನೀರು ಬಿಡುವುದಕ್ಕಿಂತ ಅದು ಮೇಲು. ಆದರೆ ನಮ್ಮ ಸೆಖೆಯಲ್ಲಿ ತುಂಬಾ ಹೊತ್ತು ಬದಲಿಸದಿದ್ದರೆ ಚರ್ಮ ಕೆಡುತ್ತದೆ, ಸೋಂಕೂ ಬರುತ್ತದೆ. ಯಾವಾಗಲೋ ಒಮ್ಮೆ ಸರಿ, ದಿನಾ ಬೇಡ.

ನೀರನ್ನು ಒಂದೇ ಸಲ ಗಟಗಟ ಕುಡಿಯುವ ಬದಲು ಅರ್ಧ ತಾಸಿಗೊಮ್ಮೆ ನಾಲ್ಕು ಗುಟುಕು ಕುಡಿಯಲಿ. ಬೇಸಿಗೆ ಡ್ಯೂಟಿಗೆ ನಾಲ್ಕೈದು ಲೀಟರ್ ಜೊತೆಗಿರಲಿ. ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಒಳ್ಳೆಯದು. ಚಹಾ ಕಡಿಮೆ. ಮೂತ್ರದ ಬಣ್ಣ ತೆಳು ಹಳದಿ ಇದ್ದರೆ ಸರಿ, ಗಾಢ ಆದರೆ ನೀರು ಸಾಲದು ಅಂತ ಅರ್ಥ.

ಕ್ಯಾಬ್ ಬಗ್ಗೆಯೂ ಹೇಳಬೇಕು, ಯಾಕೆಂದರೆ ಟಿವಿ ಸೌಂಡ್‌ಗೂ ಅದಕ್ಕೂ ನಂಟಿದೆ. ಎಸಿ ಇಲ್ಲದ ಕ್ಯಾಬ್‌ನಲ್ಲಿ ಕಿಟಕಿ ತೆರೆಯಲೇಬೇಕು. ತೆರೆದ ಕೂಡಲೇ ಎಂಜಿನ್‌ನ ಗದ್ದಲ, ಹಾರ್ನ್, ಹೊಗೆ, ಅದಿರಿನ ಕೆಂಪು ಧೂಳು ಎಲ್ಲ ಒಳಗೆ. ಕ್ಯಾಬ್‌ಗೆ ಎಸಿ ಹಾಕುವುದು ಐಷಾರಾಮ ಅಂತ ಹಿಂದೆ ಕೆಲವರು ನನ್ನೆದುರೇ ಅಂದಿದ್ದುಂಟು. ಕಿವಿಗೂ ಶ್ವಾಸಕೋಶಕ್ಕೂ ಅದೇ ಮೊದಲ ರಕ್ಷಣೆ ಅಂತ ನಾನು ಆಗಲೂ ವಾದಿಸಿದೆ, ಈಗಲೂ ಹೇಳುತ್ತೇನೆ. ಕಿವಿಯ ಲೆಕ್ಕ ಹೀಗೆ: 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ತಡೆಯಬಹುದು ಅನ್ನುತ್ತಾರೆ. ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ತಾಸು, 91ಕ್ಕೆ 2 ತಾಸು. ಏರಿನಲ್ಲಿ 8ನೇ ನಾಚ್, ಅಂದರೆ ಎಂಜಿನ್‌ನ ಪೂರ್ತಿ ಶಕ್ತಿ, ಹಾಕಿ, ಕಿಟಕಿ ತೆರೆದಿಟ್ಟರೆ ಸದ್ದು 85 ದಾಟಿಯೇ ಇರುತ್ತದೆ. ಇಂಥ ಕಿವುಡು ನಿಧಾನ ಬರುತ್ತದೆ, ಹೋದ ಕಿವಿ ತಿರುಗಿ ಬರುವುದಿಲ್ಲ. ಏಳು ತಿಂಗಳಿಗೆ ಅಷ್ಟು ಕೆಟ್ಟಿರಲಿಕ್ಕಿಲ್ಲ. ಡ್ಯೂಟಿ ಮುಗಿದ ಮೇಲೆ ಕೆಲ ಹೊತ್ತು ಕಿವಿ ಮಂದ ಆಗುವುದು ಸಾಮಾನ್ಯ. ಆದರೆ ಎರಡು ದಿನ ರಜೆಯಲ್ಲಿದ್ದಾಗಲೂ ಸೌಂಡ್ ಜಾಸ್ತಿ ಬೇಕೆಂದರೆ ಆಡಿಯೋಮೆಟ್ರಿ ಅನ್ನುವ ಕಿವಿ ಪರೀಕ್ಷೆ ಮಾಡಿಸಲೇಬೇಕು. ರೈಲ್ವೆಯ ಮುಂದಿನ ಮೆಡಿಕಲ್ ಬರಲಿ ಅಂತ ಕಾಯಬೇಡಿ. ಇವತ್ತಿನ ಚಾರ್ಟ್ ಕೈಯಲ್ಲಿದ್ದರೆ ಐದು ವರ್ಷದ ನಂತರ ಹೋಲಿಸಿ ನೋಡಬಹುದು. ಕಿವಿಗೆ ಹತ್ತಿ ತುರುಕುವುದರಿಂದ ಉಪಯೋಗ ಇಲ್ಲ. ಇಯರ್ ಪ್ಲಗ್ ಬೇಕೆಂದರೆ ರೈಲ್ವೆ ಡಾಕ್ಟರ್ ಮತ್ತು ಇನ್‌ಸ್ಪೆಕ್ಟರ್ ಕೇಳಿಯೇ ಹಾಕಬೇಕು. ಕ್ಯಾಬ್‌ನಲ್ಲಿ ವಾಕಿಟಾಕಿ ಕೇಳಬೇಕು, ಅಪಾಯ ತಿಳಿಸಲು ಹಳಿಯ ಮೇಲೆ ಇಟ್ಟ ಪಟಾಕಿ ಸಿಗ್ನಲ್ ಸಿಡಿದರೆ ಕೇಳಬೇಕು.

ಹೊಗೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿದೆ. ಬಯಲಲ್ಲಿ ಕ್ಯಾಬ್ ಮುಂದಾಗಿ ಓಡುವಾಗ ಹೊಗೆ ಹಿಂದಕ್ಕೆ ಹೋಗುತ್ತದೆ. ಎಂಜಿನ್ ತಿರುವುಮುರುವಾಗಿ, ಅಂದರೆ ಉದ್ದನೆಯ ಎಂಜಿನ್ ಮನೆ ಮುಂದಾಗಿ ಓಡಿದರೆ ಹೊಗೆ ನೇರ ಮುಖಕ್ಕೆ. ಗೋವಾ ದಾರಿಯ ಕ್ಯಾಸಲ್‌ರಾಕ್ ಘಾಟಿನಂಥ ಸುರಂಗಗಳಲ್ಲಿ ಇನ್ನೂ ಜಾಸ್ತಿ. ಅಲ್ಲಿ 37 ಮೀಟರ್ ಹೋದರೆ 1 ಮೀಟರ್ ಏರು, ಗಾಡಿಯ ಹಿಂದಿನಿಂದಲೂ ಎಂಜಿನ್‌ಗಳು ದೂಡುತ್ತಿರುತ್ತವೆ. ಸುರಂಗ ಬಂದಾಗ ಕಿಟಕಿ ಮುಚ್ಚಲಿ, ಒಳ್ಳೆಯ ಎನ್95 ಮಾಸ್ಕ್ ಇರಲಿ. ಮಾಸ್ಕ್ ಧೂಳು, ಮಸಿ ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ.

ಈ ತಿರುವುಮುರುವು ಓಟ ಹೊಗೆಗಷ್ಟೇ ಸಂಬಂಧಿಸಿದ್ದಲ್ಲ. 1999ರಿಂದ ಡಬ್ಲ್ಯುಡಿಜಿ-4 ಅನ್ನುವ ಗೂಡ್ಸ್ ಡೀಸೆಲ್ ಎಂಜಿನ್ ಬಂತು, 4,000 ಅಶ್ವಶಕ್ತಿ, ಮೊದಲು ನೆಲೆ ಕೊಟ್ಟದ್ದು ಹುಬ್ಬಳ್ಳಿ ಶೆಡ್. ನಾನು ಓಡಿಸಿದ್ದರಲ್ಲಿ ಅದರಷ್ಟು ಎಳೆಯುವ ಎಂಜಿನ್ ಇನ್ನೊಂದಿಲ್ಲ. ಆದರೆ ಕ್ಯಾಬ್ ಒಂದೇ ತುದಿಗೆ. ಹಿಂದುಮುಂದಾಗಿ ಓಡಿದರೆ ಕಣ್ಣೆದುರು ಹತ್ತು ಹದಿನೈದು ಮೀಟರ್ ಗೋಡೆ. ಒಂದು ಪಕ್ಕದ ಸಿಗ್ನಲ್ ಪೈಲಟ್‌ಗೆ ಕಾಣುವುದೇ ಇಲ್ಲ, ಅಸಿಸ್ಟೆಂಟ್ ಕತ್ತು ಹೊರಚಾಚಿ ನೋಡಿ ಕೂಗಬೇಕು. ಬಿಸಿಲು, ಗಾಳಿ, ಕಿಡಿ ಎಲ್ಲ ಅಸಿಸ್ಟೆಂಟ್ ಕಣ್ಣಿಗೆ. ಎರಡು ಎಂಜಿನ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದರೆ ಎರಡೂ ಕಡೆ ಕ್ಯಾಬ್ ಮುಂದಿರುತ್ತದೆ. ಆಮೇಲಿನ ಮಾದರಿಗಳಿಗೆ ಎರಡು ತುದಿಗೂ ಕ್ಯಾಬ್ ಇಟ್ಟರು, ತುಂಬಾ ತಡವಾಗಿ. ನಿಮ್ಮ ಮಗಳಿಗೆ ಹೇಳಿ: ಕಣ್ಣಿಗೆ ಬಣ್ಣ ಇಲ್ಲದ ರಕ್ಷಣಾ ಕನ್ನಡಕ ಹಾಕಲಿ. ಬಣ್ಣದ ಗಾಜು ಬೇಡ, ಸಿಗ್ನಲ್ ಬಣ್ಣ ತಪ್ಪಾಗಿ ಕಾಣಬಹುದು.

ನಿದ್ದೆಗೆ ಬರೋಣ. ಒಂದು ರಾತ್ರಿಯ ಮಾತು. ಸತತ ನಾಲ್ಕನೇ ರಾತ್ರಿ ಡ್ಯೂಟಿ. ಹೊಸಪೇಟೆ ಬಿಟ್ಟು ಮುನಿರಾಬಾದ್ ಕಡೆ ಬರುತ್ತಿದ್ದೆ, ಬೆಳಗಿನ ಜಾವ ಮೂರೂವರೆ. ನನ್ನ ಅಸಿಸ್ಟೆಂಟ್ ಜೋರಾಗಿ ಸಿಗ್ನಲ್ ಕೂಗಿದ. ನಾನು ಬೆಚ್ಚಿಬಿದ್ದೆ. ತುಂಗಭದ್ರಾ ಸೇತುವೆ ಹಿಂದೆ ಉಳಿದಿತ್ತು. ಅದನ್ನು ದಾಟಿದ್ದು ನನಗೆ ನೆನಪೇ ಇಲ್ಲ. ಕಣ್ಣು ತೆರೆದೇ ಇತ್ತು. ಕೈ ತನ್ನಷ್ಟಕ್ಕೆ ಕೆಲಸ ಮಾಡಿತ್ತು. ಹಿಂದೆ ಐದು ಸಾವಿರ ಟನ್ ಭಾರ. ಎಂಜಿನ್‌ನಲ್ಲಿ ವಿಸಿಡಿ ಅನ್ನುವ ಎಚ್ಚರದ ಯಂತ್ರ ಈಗ ಇರುತ್ತದೆ. ಪೈಲಟ್ 60 ಸೆಕೆಂಡ್ ಏನನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, 8 ಸೆಕೆಂಡ್ ಆದಮೇಲೆ ಬಜರ್, ಇನ್ನೂ 8 ಸೆಕೆಂಡ್ ಆದರೆ ತಾನೇ ಬ್ರೇಕ್ ಹಾಕುತ್ತದೆ. ಆದರೆ ಅರೆನಿದ್ದೆಯಲ್ಲೂ ಬೆರಳು ಬಟನ್ ಒತ್ತುತ್ತದೆ. ನಿದ್ದೆಗೆ ನಿದ್ದೆಯೇ ಮದ್ದು.

ಅದಕ್ಕೆ ನಿಯಮ ಇದೆ, ಅವಳು ಬಾಯಿಪಾಠ ಮಾಡಿಕೊಳ್ಳಲಿ. 2005ರ ಕೆಲಸದ ಅವಧಿ ನಿಯಮದ ಪ್ರಕಾರ 8 ತಾಸು ಅಥವಾ ಹೆಚ್ಚು ದುಡಿದು ತನ್ನ ನೆಲೆಗೆ ಮರಳಿದರೆ 16 ತಾಸು ವಿಶ್ರಾಂತಿ. ಹೊರಊರಿನ ರನ್ನಿಂಗ್ ರೂಮ್, ಅಂದರೆ ಸಿಬ್ಬಂದಿ ತಂಗುವ ಕೋಣೆಯಲ್ಲಾದರೆ 8 ತಾಸು. ಇದಲ್ಲದೆ ತಿಂಗಳಿಗೆ 30 ತಾಸಿನ ನಾಲ್ಕು ಅಥವಾ 22 ತಾಸಿನ ಐದು ವಿಶ್ರಾಂತಿ, ಪ್ರತಿಯೊಂದರಲ್ಲೂ ಒಂದು ಪೂರ್ತಿ ರಾತ್ರಿ ಹಾಸಿಗೆಯಲ್ಲಿ. ಲೋಕೋ ಪೈಲಟ್ ಸಂಘದವರು 16 ಮತ್ತು 30 ಸೇರಿಸಿ 46 ತಾಸು ವಾರದ ವಿಶ್ರಾಂತಿ ಬೇಕು, ಸತತ ರಾತ್ರಿ ಎರಡೇ ಇರಲಿ ಅಂತ ಕೇಳುತ್ತಿದ್ದಾರೆ. ನ್ಯಾಯವಾದ ಬೇಡಿಕೆ. ಕಾಗದದಲ್ಲಿರುವುದೂ ಯಾವಾಗಲೂ ಸಿಗುವುದಿಲ್ಲ. ಅದಕ್ಕೇ ಒಂದು ಚಿಕ್ಕ ಡೈರಿಯಲ್ಲಿ ಡ್ಯೂಟಿ ಹತ್ತಿದ್ದು, ಇಳಿದದ್ದು, ಮಲಗಿದ್ದು ಬರೆದಿಡಲಿ. ವಿಶ್ರಾಂತಿ ಮುರಿದರೆ ಡ್ಯೂಟಿ ಹತ್ತುವ, ಇಳಿಯುವ ಕಚೇರಿಯಾದ ಲಾಬಿಯಲ್ಲಿ ಬರೆದೇ ಹೇಳಲಿ. ನಿದ್ದೆ ಆಗಿಲ್ಲ ಅಂತ ಹತ್ತುವ ಮುಂಚೆ ಹೇಳುವುದು ಅಪರಾಧ ಅಲ್ಲ. ನೆಗಡಿಗೆ ನಿದ್ದೆ ಬರಿಸುವ ಮಾತ್ರೆ ನುಂಗಿ ಹತ್ತುವುದು ಮಾತ್ರ ದೊಡ್ಡ ತಪ್ಪು.

ಈಗ ನಿಮ್ಮ ನಿಜವಾದ ಪ್ರಶ್ನೆ, ಬಿಡಿಸಲೇ? ಈಗಲೇ ಬೇಡ. ಕಾರ್ಖಾನೆಯಲ್ಲೂ ಪಾಳಿ ಇದೆ, ಕಾವು ಇದೆ, ಧೂಳು ಇದೆ. ಶೌಚಾಲಯ ಇರುತ್ತದೆ, ಅದು ದೊಡ್ಡ ಮಾತೇ. ಆದರೆ ನಿಮ್ಮ ತಮ್ಮ ಹೇಳುವ ಕೆಲಸ ಕಂಪನಿಯದೋ ಗುತ್ತಿಗೆಯದೋ, ಕಾಗದದಲ್ಲಿ ನೋಡಿ. ರೈಲ್ವೆಯೊಳಗೇ ದಾರಿ ಇವೆ. ನಮ್ಮ ಕಡೆಯ ಮುಖ್ಯ ಲೈನ್‌ಗೆಲ್ಲ ವಿದ್ಯುತ್ ತಂತಿ ಬಂದಿದೆ. ವಿದ್ಯುತ್ ಎಂಜಿನ್ ತರಬೇತಿಗೆ ಹೆಸರು ಕೊಡಲಿ. ಅಲ್ಲಿ ಡೀಸೆಲ್ ಹೊಗೆ ಇಲ್ಲ, ಎರಡು ತುದಿಗೂ ಕ್ಯಾಬ್, ಈಗ ಹಲವಕ್ಕೆ ಎಸಿ ಇದೆ. ಶೌಚಾಲಯ ಎಲ್ಲದರಲ್ಲೂ ಇರುವುದಿಲ್ಲ, ಆ ಆಸೆ ಇಟ್ಟುಕೊಂಡು ಹೋಗುವುದು ಬೇಡ. ಎಂಜಿನ್ ಕೆಲಸವೇ ಬಿಟ್ಟು ಆಫೀಸ್ ಕೆಲಸಕ್ಕೆ ಬದಲಾಯಿಸಿ ಅಂತ ಕೇಳಿದ ಮಹಿಳಾ ಪೈಲಟ್‌ಗಳೂ ಇದ್ದಾರೆ. ಅದು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೂ ಗಾಡಿ ಓಡಿದ ದೂರಕ್ಕೆ ಸಿಗುವ ಕಿಲೋಮೀಟರ್ ಭತ್ಯೆ ಹೋಗುತ್ತದೆ. ಸೇವೆಯಲ್ಲಿದ್ದಾಗ ಕಿವಿಯೋ ಕಣ್ಣೋ ಅಂಗವೈಕಲ್ಯದ ಮಟ್ಟಕ್ಕೆ ಕೆಟ್ಟರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಕೆಲಸದಿಂದ ತೆಗೆಯುವಂತಿಲ್ಲ, ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಈ ಧೈರ್ಯ ಅವಳಿಗಿರಲಿ.

ಆರು ತಿಂಗಳು ನೀರು, ನಿದ್ದೆ ಸರಿ ಮಾಡಿ ನೋಡಿ. ಅಷ್ಟಾದರೂ ಮೂತ್ರದ ಸೋಂಕು ಮರುಕಳಿಸಿದರೆ, ಅಥವಾ ಆಡಿಯೋಮೆಟ್ರಿಯಲ್ಲಿ ಕಿವಿ ಇಳಿದಿದ್ದರೆ, ಆಗ ಬಿಡುವ ಮಾತನ್ನು ಅವಳ ಜೊತೆ ಕೂತು ಆಡಿ. ಅವಳಿಗೇ ಈ ಕೆಲಸ ಬೇಡವಾಗಿದ್ದರೆ ಆರು ತಿಂಗಳೂ ಕಾಯಬೇಕಿಲ್ಲ. ಅವಳ ಇಷ್ಟ ಏನು ಅಂತ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಕೇಳಿ ನೋಡಿ.

ನೀವು ಹೊಲಿಗೆ ಮಾಡುವವರು ಅಂದಿರಿ. ಹಗಲು ನಿದ್ದೆಗೆ ಕತ್ತಲೆ ಬೇಕು. ಅವಳು ಮಲಗುವ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆಯನ್ನು ಎರಡು ಪದರ ಮಾಡಿ ಪರದೆ ಹೊಲಿಯಿರಿ, ಚೌಕಟ್ಟಿಗಿಂತ ಸುತ್ತಲೂ ಗೇಣುದ್ದ ಜಾಸ್ತಿ ಇರಲಿ, ಇಲ್ಲದಿದ್ದರೆ ಅಂಚಿನಿಂದ ಬೆಳಕು ನುಗ್ಗುತ್ತದೆ. ಅಂಥದೇ ಇನ್ನೊಂದನ್ನು ಮಡಚಿ ಅವಳ ಲೈನ್ ಚೀಲದಲ್ಲಿ ಇಡಿ, ರನ್ನಿಂಗ್ ರೂಮ್‌ನ ಕಿಟಕಿಗೆ ಆಗುತ್ತದೆ. ಅವಳು ಮಲಗಿದಾಗ ಮಿಷಿನ್ ತುಳಿಯುವುದನ್ನು ಸಂಜೆಗೆ ಇಟ್ಟುಕೊಳ್ಳಿ.